ಕರಿ ಮದುಮಗಳು

ಸಿದ್ರಾಮನ ಗೊಂಬೆ ಕಾರ್ಖಾನೆ ಅಂದರೆ ಗೋಕಾಕದ ಹಳೇ ಊರಿನಲ್ಲಿ ಒಂದು ಉದ್ದನೆಯ ಪಡಸಾಲೆ. ಮೇಲೆ ತಗಡು. ಬಾಗಿಲು ತೆರೆದರೆ ಬೀದಿಯ ಧೂಳು ಬಂದು ಹಸಿ ಬಣ್ಣದ ಮೇಲೆ ಕೂರುತ್ತಿತ್ತು, ಹಾಕಿದರೆ ವಾರ್ನಿಶ್ ವಾಸನೆಗೆ ತಲೆ ಸಿಡಿಯುತ್ತಿತ್ತು. ಧೂಳು ಬಿದ್ದ ಗೊಂಬೆಗೆ ಕೂಲಿ ಇಲ್ಲ. ಹಾಗಾಗಿ ಹೆಂಗಸರು ಬಾಗಿಲು ಹಾಕಿಕೊಂಡೇ ಕೂರುತ್ತಿದ್ದರು. ಸಂಜೆ ಹೊತ್ತಿಗೆ ಎಲ್ಲರ ಕಣ್ಣೂ ಕೆಂಪು.

ಮರೆವ್ವ ಮೂಲೆಯವಳು. ಮಧ್ಯಾಹ್ನ ಉಳಿದವರು ಗುಂಪಾಗಿ ಬುತ್ತಿ ಬಿಚ್ಚಿದರೆ ಅವಳು ಕೂತಲ್ಲೇ ಗೋಡೆ ಕಡೆ ತಿರುಗಿ ರೊಟ್ಟಿ ಮುರಿಯುತ್ತಿದ್ದಳು. ಯಾರೂ ಬೇಡ ಅಂದಿರಲಿಲ್ಲ. ಆದರೆ ಅವರ ಮಾತೆಲ್ಲ ಗಂಡ, ಅತ್ತೆ, ಮಕ್ಕಳು, ಮಕ್ಕಳ ಸಾಲಿ. ಅದರಲ್ಲಿ ಇವಳು ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಅವಳ ಊರು ಅಂಕಲಗಿ. ಹರೆಯದಲ್ಲಿ ಮೂಡಲಗಿ ಕಡೆಯಿಂದ ಒಂದು ಗಂಡು ನೋಡಲು ಬಂದಿತ್ತು. ಮರೆವ್ವ ಚಹಾ ತಂದು ಇಟ್ಟು ಒಳಗೆ ಹೋದಳು. ಗಂಡಿನವರು ತಮ್ಮ ತಮ್ಮಲ್ಲೇ ಪಿಸುಗುಟ್ಟಿದರು. ಆಮೇಲೆ ಅವರ ಹಿರಿಯ ಗಂಟಲು ಸರಿ ಮಾಡಿಕೊಂಡು, ಹುಡುಗಿ ಕರ್ರಗದಾಳ, ಸಣ್ಣಾಕಿನ್ನ ಕೊಡ್ತಿದ್ರ ನೋಡ್ರಿ ಅಂದ. ಸಣ್ಣವಳು, ತಂಗಿ ನಾಗರತ್ನಾ, ಕೆಂಪಗಿದ್ದಳು. ಕೊಟ್ಟರು. ಆ ಮದುವೆಯಲ್ಲಿ ಮರೆವ್ವ ಇಡೀ ದಿನ ಒಲೆ ಮುಂದೆ ಇದ್ದಳು. ಅಕ್ಷತೆ ಹಾಕಲು ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಹೋಗಲಿಲ್ಲ. ಮತ್ತೆ ಅವಳನ್ನು ನೋಡಲು ಯಾವ ಗಂಡೂ ಬರಲಿಲ್ಲ. ಅವ್ವ ತೀರಿದ ಮೇಲೆ ಗೋಕಾಕಕ್ಕೆ ಬಂದು ಒಂದು ಖೋಲಿ ಹಿಡಿದು, ಈ ಕೆಲಸಕ್ಕೆ ಸೇರಿದಳು.

ಗೊಂಬೆಗಳಿಗೆಲ್ಲ ಒಂದೇ ಮೈ ಇತ್ತು. ಗುಲಾಬಿ. ರಾಜನಿಗೂ ಅದೇ, ರೈತನಿಗೂ ಅದೇ. ಆ ಡಬ್ಬಿಗೆ ಸಿದ್ರಾಮ ‘ಮೈಬಣ್ಣ’ ಅಂತಲೇ ಹೆಸರಿಟ್ಟಿದ್ದ. ಮೈಬಣ್ಣ ಮುಗದೈತಿ, ಮೈಬಣ್ಣ ತರಬೇಕು ಅಂತ ಎಲ್ಲರೂ ಅನ್ನುತ್ತಿದ್ದರು. ಮರೆವ್ವನೂ ಅನ್ನುತ್ತಿದ್ದಳು.

ಕಳೆದ ವರ್ಷ ಯಮಕನಮರಡಿಯ ಹೈವೇ ಬಾಜೂ ಶಿವಪುತ್ರ ಅನ್ನುವವನೊಬ್ಬ ದೊಡ್ಡ ಹೋಟೆಲ್ಲು ಕಟ್ಟಿಸಿದ. ಜೊತೆಗೆ ಬಾಡಿಗೆಗೆ ಕೊಡುವ ಒಂದು ಮದುವೆ ಹಾಲು. ಹಾಲಿನ ಬಾಗಿಲಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಒಂದು ಸಣ್ಣ ಹಳ್ಳಿ ಇಡಬೇಕು ಅನ್ನುವುದು ಅವನ ಆಸೆ. ಕುರುಬರು, ಕುಸ್ತಿ ಹಿಡಿಯುವವರು, ಕಳೆ ತೆಗೆಯುವ ಹೆಂಗಸರು, ನಟ್ಟನಡುವೆ ಒಂದು ಮದುವೆ. ಎಲ್ಲರೂ ಬೆರಳುದ್ದ. ಫೋನಿನಲ್ಲಿ ಯಾವುದೋ ದೇಶದ ಗೊಂಬೆಗಳನ್ನು ತೋರಿಸಿ, ಹಿಂಗ ಖರೆ ಮಂದಿ ನಿಂತಂಗ ಕಾಣಬೇಕು, ಗುಲಾಬಿ ಕೂಲ್ಯಾರನ್ನ ಕೊಟ್ರ ತಗೊಳ್ಳೂದಿಲ್ಲ ಅಂದು ಹೋದ.

ಸಿದ್ರಾಮ ಕೂಲಿಗಳ, ಕುರುಬರ ಗೊಂಬೆಗಳನ್ನೆಲ್ಲ ಒಂದು ತಾಟಿನಲ್ಲಿ ತುಂಬಿ ಮರೆವ್ವನ ಮುಂದೆ ಇಟ್ಟ.

“ಕರೀ ಮಂದಿ ಎಲ್ಲಾ ನಿನಗ. ಬಣ್ಣ ಹೆಂಗ ಕಲಸಬೇಕಂತ ತಿಳೀಲಿಲ್ಲಂದ್ರ ಕನ್ನಡಿ ನೋಡ್ಕೊ.”

ಹೆಂಗಸರು ನಕ್ಕರು. ಮರೆವ್ವನೂ ನಕ್ಕಳು. ನಗದಿದ್ದರೆ ಇನ್ನೊಂದು ಮಾತು ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಮೊದಲ ಗೊಂಬೆಗಳು ಕೆಟ್ಟವು. ಕಂದು ಬಣ್ಣಕ್ಕೆ ಕರಿ ಬೆರೆಸಿ ಹಚ್ಚಿದಳು, ಸುಟ್ಟ ಕೊಳ್ಳಿಯಂತೆ ಕಂಡವು. ಮೂಗು, ಗಲ್ಲ ಎದ್ದು ಕಾಣಲಿ ಅಂತ ಬಿಳಿ ಎಳೆದಳು, ಬೂದಿ ಬಡಿದುಕೊಂಡ ಹೆಣಗಳಾದವು. ಒರೆಸಿ ಮತ್ತೆ ಹಚ್ಚಿದಳು. ಸಿದ್ರಾಮ ಬೈದ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೈ ತೊಳೆಯುವಾಗ ಒದ್ದೆ ಕೈ ಮೇಲೆ ಬಿಸಿಲು ಬಿತ್ತು. ಅವಳು ಅಲ್ಲೇ ನಿಂತು ನೋಡಿದಳು. ಇಷ್ಟು ವರ್ಷ ಆ ಕೈಯನ್ನು ದುಡಿಸಿದ್ದಳು, ನೋಡಿರಲಿಲ್ಲ. ಬಿಸಿಲು ಬಿದ್ದ ಕಡೆ ಅದು ಬಿಳಿಯಾಗಿರಲಿಲ್ಲ, ಹೊಸ ಬೆಲ್ಲದ ಕೆಂಪು ಇತ್ತು. ಮೊಣಕೈ ಕೆಳಗಿನ ನೆರಳು ಕರಿಯೂ ಅಲ್ಲ, ನೇರಳೆ ಹಣ್ಣಿನಂಥ ನೀಲಿ. ಬೆರಳ ಗಂಟುಗಳು ಕಪ್ಪಾಗಿದ್ದರೆ ಅಂಗೈ ಅಷ್ಟೇ ತಿಳಿಯಾಗಿತ್ತು.

ಒಳಗೆ ಬಂದು ಕರಿ ಡಬ್ಬಿ ದೂರ ಸರಿಸಿದಳು. ಕಾವಿಯನ್ನು ತಳಕ್ಕೆ ಹಚ್ಚಿದಳು. ಅದರ ಮೇಲೆ ನೀರಿನಷ್ಟು ತೆಳುವಾದ ಕಂದು, ಒಣಗಿದ ಮೇಲೆ ಇನ್ನೊಂದು ಕೈ. ನೆರಳಿಗೆ ನೀಲಿಯ ಒಂದು ಹನಿ. ಬೆಳಕಿಗೆ ಬಿಳಿಯ ಬದಲು ಕಾವಿಯಲ್ಲಿ ಕಲಸಿದ ಹಳದಿ. ಬೆರಳುದ್ದದ ಕುರುಬನ ಮುಖದಲ್ಲಿ ನಿಧಾನಕ್ಕೆ ಉಸಿರು ಬಂದಂತಾಯಿತು.

ಆಮೇಲೆ ಅವಳಿಗೆ ಬಿಡುವೇ ಬೇಕಾಗಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ ಮಂದಿಯ ಮುಖ ನೋಡತೊಡಗಿದಳು. ಕರಿ ಅನ್ನುವುದು ಒಂದಿರಲಿಲ್ಲ. ಕಬ್ಬು ಕಡಿಯುವವನ ಕುತ್ತಿಗೆಯದು ಒಂದು, ನೆರಳಲ್ಲಿ ಕೂತು ಹೂ ಮಾರುವವಳದು ಇನ್ನೊಂದು, ಮುದುಕರ ತುಟಿಯದು ಬೇರೆಯೇ. ಕಳೆ ತೆಗೆಯುವ ಒಬ್ಬಳಿಗೆ ಅವ್ವನ ಮುಖ ಬರೆದಳು. ಮೊಣಕಾಲಿಗೆ ಒಣ ಮಣ್ಣಿನ ಬಣ್ಣ ಇಟ್ಟಳು, ಹಣೆಗೆ ಬೆವರಿನಷ್ಟು ವಾರ್ನಿಶ್ ತಾಗಿಸಿದಳು. ಒಂದು ಗೊಂಬೆಗೆ ಗುಲಾಬಿ ಬಳಿಯುವವರ ಮೂರರಷ್ಟು ಹೊತ್ತು ಹಿಡಿಯುತ್ತಿತ್ತು. ಕೂಲಿ ಮಾತ್ರ ಅವರಷ್ಟೇ. ಕೇಳಿದ್ದಕ್ಕೆ ಸಿದ್ರಾಮ, ಗೊಂಬಿ ಸೈಜ್ ಒಂದ ಐತೆಲ್ಲ ಅಂದ.

ಮದುವೆಯ ಗೊಂಬೆಗಳು ಸುವರ್ಣಾಳ ಪಾಲಿಗಿದ್ದವು. ಸುವರ್ಣಾ ಮರೆವ್ವನಿಗಿಂತ ಸಣ್ಣವಳು, ಎರಡು ಮಕ್ಕಳ ತಾಯಿ. ಅವಳು ಜ್ವರ ಬಂದು ಮಲಗಿದಳು. ಹೊತ್ತು ಮೀರುತ್ತಿತ್ತು. ಸಿದ್ರಾಮ ಆ ತಾಟನ್ನೂ ತಂದು ಮರೆವ್ವನ ಮುಂದೆ ಇಟ್ಟು, ಇವನ್ನೂ ಮುಗಿಸು ಅಂದ.

ತಾಟಿನಲ್ಲಿ ಮದುಮಗಳಿದ್ದಳು. ಮಣೆ ಮೇಲೆ ಕೂತು ಕೈ ತೊಡೆಯ ಮೇಲಿಟ್ಟುಕೊಂಡ ಕಟ್ಟಿಗೆಯ ಮದುಮಗಳು, ಇನ್ನೂ ಬಣ್ಣ ಕಾಣದವಳು. ಮರೆವ್ವ ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದಿದ್ದಳು. ಗುಲಾಬಿ ಡಬ್ಬಿ ಬಾಜೂದಲ್ಲೇ ಇತ್ತು. ಅವಳು ಕಾವಿ ತೆಗೆದುಕೊಂಡಳು.

ಮೂರು ದಿನ ಅದೊಂದೇ ಬರೆದಳು. ಹಸಿರು ಬಳೆ, ಹಳದಿ ಸೀರೆ, ಗಲ್ಲಕ್ಕೆ ಅರಿಶಿಣ. ಕರಿ ಮೈ ಮೇಲೆ ಆ ಹಳದಿ ದೀಪದಂತೆ ಹತ್ತಿಕೊಂಡಿತು. ಜ್ವರ ಬಿಟ್ಟು ಬಂದ ಸುವರ್ಣಾ ಬಗ್ಗಿ ನೋಡಿದಳು.

“ಯಕ್ಕಾ, ಇಕಿ ನೀನ ಅದೀ.”

ಮರೆವ್ವ ಕುಂಚ ತೊಳೆಯುತ್ತಲೇ ಇದ್ದಳು.

“ಭಾಳ ಚಂದ ಅದಾಳ” ಅಂದಳು ಸುವರ್ಣಾ.

ಆ ಮಾತನ್ನು ಮರೆವ್ವನಿಗೆ ಯಾರೂ ಎಂದೂ ಹೇಳಿರಲಿಲ್ಲ.

ಶಿವಪುತ್ರ ಗೊಂಬೆ ನೋಡಲು ಬಂದ. ಕೂಲಿಗಳನ್ನು ಒಂದೊಂದಾಗಿ ಎತ್ತಿ ನೋಡಿ ಬೆರಗಾದ. ಬೆವರು ಸುದ್ದಾ ಬಂದೈತಲ್ಲೋ ಸಿದ್ರಾಮ, ಏಕದಂ ನಮ್ಮ ಹೊಲದಾಗಿನ ಮಂದಿ ಅಂದ. ಸಿದ್ರಾಮ ಕೈ ಮುಗಿದು ಹಿಗ್ಗಿದ. ಮರೆವ್ವ ಮೂಲೆಯಲ್ಲಿದ್ದಳು. ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಆಮೇಲೆ ಶಿವಪುತ್ರನ ಕೈ ಮದುಮಗಳಿಗೆ ಹೋಯಿತು. ಅವನ ಮುಖ ಗಂಟಾಯಿತು.

“ಇದೇನ ಮಾಡೀರಿ? ಮಂದಿ ನನ್ನ ಹಾಲಿಗೆ ಮದುವಿ ಬುಕ್ ಮಾಡಾಕ ಬರತಾರ. ಬಾಗಲದಾಗ ಇಂಥಾ ಮದಮಗಳನ್ನ ನೋಡಿದ್ರ ಅಪಶಕುನ ಅಂತ ತಿರಗಿ ಹೋಗ್ತಾರ.”

ಸಿದ್ರಾಮ ಮರೆವ್ವನ ಕಡೆ ತಿರುಗಿ, ಅದಕ್ಕ ಮೈಬಣ್ಣ ಹಚ್ಚಿಬಿಡು, ಸಾಹೇಬ್ರು ಚಹಾ ಕುಡಿಯೂದ್ರಾಗ ಮುಗಿಸು ಅಂದ.

ಮರೆವ್ವ ಏಳಲಿಲ್ಲ. ಮಾತು ಸರಳವಾಗಿಯೇ ಬಂತು.

“ಹಚ್ಚೂದಿಲ್ರಿ ಮಾಲಕರ.”

“ಯಾಕ?”

“ಕಳೆ ತಗಿಯಾಕಿ ಕರ್ರಗಿದ್ರ ಸಾಹೇಬ್ರಿಗೆ ಚಲೋ ಕಾಣತಾಳ. ಆಕೀನ ಮಣಿ ಮ್ಯಾಲ ಕುಂತ್ರ ಯಾಕ ಕೆಂಪ ಆಗಬೇಕ್ರಿ?”

ಕುಂಚಗಳು ನಿಂತವು. ಶಿವಪುತ್ರ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಓಹೋ, ಇಕಿ ತನ್ನನ್ನ ಬರಕೊಂಡಾಳೇನ ಅಂದು ನಕ್ಕ. ಸಿದ್ರಾಮನಿಗೆ ನಗು ಬರಲಿಲ್ಲ. ಗಿರಾಕಿಯ ಮುಂದೆ ಮಾನ ಹೋಯಿತು ಅನ್ನಿಸಿತು. ಹಚ್ಚು ಅಂತ ಇನ್ನೊಮ್ಮೆ ಅಂದ. ಅವಳು ತಲೆ ಅಲ್ಲಾಡಿಸಿದಳು.

“ಹಂಗಾದ್ರ ನಾಳಿಂದ ಬರಬ್ಯಾಡ.”

ಮರೆವ್ವ ಬುತ್ತಿಯ ಅರಿವೆ ಮಡಿಚಿಕೊಂಡು ಎದ್ದಳು. ಬಾಗಿಲ ತನಕ ಹೋಗುವಾಗ ಯಾರಾದರೂ ಒಂದು ಮಾತು ಆಡುತ್ತಾರೇನೋ ಅಂತ ಕಾದಳು. ಹೆಂಗಸರೆಲ್ಲ ತಮ್ಮ ತಮ್ಮ ಗೊಂಬೆಯ ಮೇಲೆ ಬಾಗಿದ್ದರು. ಸುವರ್ಣಾಳೂ ಬಾಗಿದ್ದಳು.

ಒಂದು ಖಾನಾವಳಿಯಲ್ಲಿ ಭಾಂಡೆ ತಿಕ್ಕುವ ಕೆಲಸ ಸಿಕ್ಕಿತು. ಸೋಡಾ ಪುಡಿಗೆ ಬೆರಳುಗಳು ಬಿರಿದವು. ಸಂಜೆ ಖೋಲಿಗೆ ಬಂದು ಬಾಗಿಲಲ್ಲಿ ಕೂತಿರುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ನಾಗರತ್ನಾಳ ಮಗಳ ಸೀಮಂತವಾಯಿತು ಅಂತ ಊರಿನವರು ಯಾರೋ ಹೇಳಿದಾಗಲೇ ಗೊತ್ತಾಯಿತು. ಕೆಲವೊಮ್ಮೆ ನೀರಿನ ತಂಬಿಗೆ ಮೇಲೆ ಒದ್ದೆ ಬೆರಳಿಂದ ಮುಖ ಬರೆಯುತ್ತಿದ್ದಳು. ಅದು ಒಣಗಿ ಹೋಗುತ್ತಿತ್ತು. ಒಂದು ಮಾತು ಅವಳನ್ನು ಹೆಚ್ಚು ತಿನ್ನುತ್ತಿತ್ತು. ಮದುಮಗಳಿಗೆ ಗುಲಾಬಿ ಹಚ್ಚಿದ್ದು ಯಾರು? ಸಿದ್ರಾಮನ ಕೈಗೆ ಕುಂಚ ಬಾರದು. ಅಂದರೆ ಹೆಂಗಸರಲ್ಲೇ ಒಬ್ಬಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಯಿಪಲ್ಯೆ ಬಜಾರದಲ್ಲಿ ಸುವರ್ಣಾ ಎದುರಾದಳು. ಮರೆವ್ವ ಮುಖ ತಿರುಗಿಸಿ ನಡೆದಳು. ಸುವರ್ಣಾ ಹಿಂದೆಯೇ ಬಂದು ಸೆರಗು ಹಿಡಿದಳು. ಹೋಟೆಲ್ಲು ಚಾಲೂ ಆಗೈತಿ ಅಂದಳು. ಮತ್ತೇನೋ ಹೇಳಲು ಹೋಗಿ ಸುತ್ತ ನೋಡಿ ನಿಲ್ಲಿಸಿದಳು.

“ನೀ ಒಮ್ಮಿ ಹೋಗಿ ನೋಡ ಯಕ್ಕಾ. ನೋಡಿದ ಮ್ಯಾಲ ನನ್ನ ಬೈ.”

ಮುಂದಿನ ರವಿವಾರ ಮರೆವ್ವ ಇದ್ದುದರಲ್ಲಿ ಚಲೋ ಸೀರೆ ಉಟ್ಟು ಯಮಕನಮರಡಿ ಬಸ್ಸು ಹತ್ತಿದಳು. ಹೋಟೆಲ್ಲಿನ ಬಾಗಿಲಲ್ಲಿ ವಾಚಮನ್, ಕೆಲಸಕ್ಕೆ ಬಂದಿಯೇನು ಅಂತ ಕೇಳಿದ. ಚಹಾ ಕುಡೀಲಿಕ್ಕೆ ಅಂದಳು. ಚಹಾ ಕುಡಿದು ಹಾಲಿನ ಕಡೆ ನಡೆದಳು.

ಗಾಜಿನೊಳಗೆ ದೀಪ ಹಾಕಿದ್ದರು. ಅವಳ ಮಂದಿಯೆಲ್ಲ ಅಲ್ಲಿದ್ದರು. ಕುರುಬ ಕಂಬಳಿ ಹೊದ್ದು ನಿಂತಿದ್ದ. ಅವ್ವ ಹೊಲದಲ್ಲಿ ಬಾಗಿದ್ದಳು. ಕೂಲಿಯವರನ್ನೆಲ್ಲ ಊರಿನ ಅಂಚಿಗೆ ಇಟ್ಟಿದ್ದರು. ನಡುವೆ ಮಂಟಪ. ಮಂಟಪದಲ್ಲಿ ಮದುಮಗಳ ಮುಖ ದಪ್ಪ ಗುಲಾಬಿಯಾಗಿತ್ತು. ಮೂಗು, ತುಟಿ ಬಣ್ಣದಲ್ಲಿ ಮುಳುಗಿ ಹೋಗಿದ್ದವು.

ಮರೆವ್ವ ಹೊರಡಬೇಕೆಂದುಕೊಂಡಳು. ಆಗ ಕೈಗಳು ಕಂಡವು. ತೊಡೆಯ ಮೇಲಿನ ಎರಡೂ ಕೈ ಹಾಗೇ ಇದ್ದವು. ಕಾವಿ, ಕಂದು, ಬೆರಳ ಗಂಟಿನ ನೀಲಿ, ಅವುಗಳ ಮೇಲೆ ಹಸಿರು ಬಳೆ. ಪಾದಗಳೂ ಹಾಗೇ. ಮರೆತಿದ್ದಲ್ಲ. ಗುಲಾಬಿಯ ಗೆರೆ ಗದ್ದದ ಕೆಳಗೆ ದಾರ ಹಿಡಿದಂತೆ ನಿಂತಿತ್ತು. ಸುವರ್ಣಾಳ ಕೈ ಅಷ್ಟು ನೇರ ಗೆರೆ ಎಳೆಯುವುದು ಬೇಕೆಂದಾಗ ಮಾತ್ರ. ಹೊಟ್ಟೆಗಾಗಿ ಮುಖ ಮುಚ್ಚಿದ್ದಳು, ಕೈಗಳನ್ನು ಉಳಿಸಿದ್ದಳು.

ಬಾಜೂದಲ್ಲಿ ಒಬ್ಬ ತಾಯಿ, ಮಗಳು ನಿಂತಿದ್ದರು. ಹಾಲು ಗೊತ್ತುಮಾಡಲು ಬಂದವರು. ಹುಡುಗಿಯ ಮುಖಕ್ಕೆ ಪೌಡರು ಬಳಿದಿತ್ತು, ಕಿವಿ, ಕುತ್ತಿಗೆ ಕಪ್ಪಗಿದ್ದವು. ತಾಯಿ ಗಾಜಿನೊಳಗೆ ಬೆರಳು ತೋರಿಸಿ, ಬಣ್ಣ ಹಚ್ಚಾವರು ಕೈಗೆ ತಪ್ಪ ಹಚ್ಯಾರ ನೋಡು ಅಂದಳು.

“ತಪ್ಪಿದ್ದು ಕೈ ಅಲ್ರಿ, ಮಾರಿ” ಅಂದಳು ಮರೆವ್ವ, ಗುಲಾಬಿ ಮುಖ ತೋರಿಸಿ.

ಇಬ್ಬರೂ ತಿರುಗಿದರು. ತಾನೇ ಬರೆದದ್ದು, ಮೊದಲು ಮೈಯೆಲ್ಲ ಹೀಗೇ ಇತ್ತು, ಇಂಥ ಮದುಮಗಳು ಬಾಗಿಲಲ್ಲಿದ್ದರೆ ಅಪಶಕುನ ಅಂತ ಮುಖ ಮುಚ್ಚಿಸಿದರು ಅಂತ ಹೇಳಿದಳು. ಧ್ವನಿ ಸಣ್ಣದಾಗಿ ಶುರುವಾಗಿತ್ತು, ಹೇಳುತ್ತಾ ಗಟ್ಟಿಯಾಯಿತು. ಚಹಾ ಕುಡಿಯುತ್ತಿದ್ದವರು ಎದ್ದು ಬಂದರು. ನೆಲ ಒರೆಸುತ್ತಿದ್ದವಳೂ ಬಂದು ನಿಂತಳು. ಗಲ್ಲಾದಿಂದ ಶಿವಪುತ್ರ ಎದ್ದು, ಯಾರ ಬಿಟ್ರ ಇಕಿನ್ನ ಒಳಗ ಅಂದ. ವಾಚಮನ್ ಬಂದು ಮರೆವ್ವನ ತೋಳು ಹಿಡಿದ.

ಅವಳು ಇನ್ನೊಂದು ಕೈಯನ್ನು ಮದುಮಗಳ ಕೈ ಎದುರಿಗೆ ಗಾಜಿನ ಮೇಲೆ ಊರಿದಳು. ಸೋಡಾ ತಿಂದು ಬಿರಿದ, ಕರಿ ಕೈ.

“ನೋಡ್ರಿ. ಎರಡೂ ನೋಡ್ರಿ. ಆಮ್ಯಾಲ ಹೋಗ್ತೇನಿ.”

ಮಂದಿ ನೋಡಿದರು. ತಾಯಿ ಮಗಳ ರಟ್ಟೆ ಹಿಡಿದು ಎಳೆದಳು. ಹುಡುಗಿ ಕದಲಲಿಲ್ಲ.

“ಮಾರೀನೂ ಹಿಂಗ ಇತ್ತೇನ್ರಿ?” ಅಂತ ಮೆಲ್ಲಗೆ ಕೇಳಿದಳು.

“ಹಿಂಗ ಇತ್ತವ್ವ. ನಿನ್ನಂಗ.”

ವಾಚಮನ್ ಅವಳನ್ನು ಹೊರಗೆ ಕರೆದೊಯ್ದ. ಮರೆವ್ವ ಕೊಸರಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಒಳಗೆ ಹುಡುಗಿ ಗಾಜಿನ ಮುಂದೆ ನಿಂತೇ ಇದ್ದಳು. ತಾಯಿ ಮತ್ತೆ ಕರೆದಳು. ಹುಡುಗಿ ಸೆರಗಿನ ತುದಿಯಿಂದ ಮುಖದ ಪೌಡರನ್ನು ಒರೆಸಿಕೊಳ್ಳುತ್ತಿದ್ದಳು.