ನಡಾವಳಿಗೆ ಬಾರದ ಕಾಫಿ

ಸಾಯ್ಮಿ ತೊರ್ವಿನೆನ್‌ಳ ಆರು ವರ್ಷದ ದುಡಿಮೆಯ ಹಣೆಬರಹ ಆ ಶುಕ್ರವಾರ ಮಧ್ಯಾಹ್ನ, ತುರ್ಕು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ತೀರ್ಮಾನವಾಗಬೇಕಿತ್ತು. ಅಲ್ಲಿ ಡಾಕ್ಟರೇಟನ್ನು ಬಾಗಿಲು ಹಾಕಿಕೊಂಡು ಕೈಗಿಡುವುದಿಲ್ಲ. ಕಪ್ಪು ಉಡುಪು ತೊಟ್ಟು, ಬಂದ ಜನರೆಲ್ಲರ ಎದುರು ನಿಂತು ಗೆದ್ದುಕೊಳ್ಳಬೇಕು.

ಅವಳ ಪ್ರಬಂಧ ಅಧಿಕಾರದ ಬಗ್ಗೆ. ನಲವತ್ತು ವರ್ಷದ ಹಿಂದೆ ನೆರೆದೇಶಗಳೊಡನೆ ಮೀನುಗಾರಿಕೆ ಒಪ್ಪಂದವಾದಾಗ ನಿಜಕ್ಕೂ ತೀರ್ಮಾನ ಮಾಡಿದ್ದು ಯಾರು? ಸಚಿವಾಲಯದ ಸಮಿತಿ ಇನ್ನೂರ ಹದಿನಾಲ್ಕು ಸಲ ಸೇರಿತ್ತು. ಅಷ್ಟೂ ಸಭೆಗಳ ನಡಾವಳಿಯನ್ನು ಸಾಯ್ಮಿ ಸಾಲುಸಾಲಾಗಿ ಓದಿದ್ದಳು. ಎಲ್ಲೂ ಒಂದೇ ಒಂದು ವಿರೋಧದ ಮಾತಿಲ್ಲ. ಹಾಗಾದರೆ ಮಂತ್ರಿಯೊಬ್ಬನದೇ ಕಾರುಬಾರು, ಅಧಿಕಾರಿಗಳೆಲ್ಲ ಕೋಲೆಬಸವಗಳು. ಇದೇ ನಾಲ್ಕನೆಯ ಅಧ್ಯಾಯ, ಇದೇ ಪ್ರಬಂಧದ ಬೆನ್ನೆಲುಬು.

ಎದುರುವಾದಕ್ಕೆಂದು ಓಸ್ಲೋದಿಂದ ಬಂದಿದ್ದ ಪ್ರೊಫೆಸರ್ ಸೋಲ್ವೈಗ್ ಎರಡು ಗಂಟೆ ಅವಳನ್ನು ಚೆನ್ನಾಗಿಯೇ ಅರೆದರು. ಸಾಯ್ಮಿ ಜಗ್ಗಲಿಲ್ಲ. ಕೊನೆಗೆ ಅವಳ ಗುರು ಹಾಪಸಾರಿ ಎದ್ದು ನಿಂತು, ಸಂಪ್ರದಾಯದಂತೆ, "ಪ್ರಬಂಧದ ವಿರುದ್ಧ ಸಭೆಯಲ್ಲಿ ಯಾರಿಗಾದರೂ ಹೇಳೋದಿದ್ರೆ ಹೇಳಬಹುದು" ಎಂದರು. ಹಾಗೆ ಎದ್ದವರನ್ನು ಸಂಜೆಯ ಔತಣಕ್ಕೆ ಕರೆಯಲೇಬೇಕು. ಆದರೂ ಯಾರೂ ಏಳುವುದಿಲ್ಲ, ಹಾಪಸಾರಿ ಆಗಲೇ ಕಾಗದ ಮಡಚುತ್ತಿದ್ದರು.

ಹಿಂದಿನ ಸಾಲಿನಲ್ಲಿ ನೇರಳೆ ಉಣ್ಣೆಟೋಪಿಯ ಮುದುಕಿಯೊಬ್ಬಳು ಎದ್ದಳು.

"ನಾನು ಲೆಂಪಿ ಕುಕ್ಕೊಲ. ಆ ನಡಾವಳಿ ಬರ್ದೋಳು ನಾನೇ."

ಸಭೆ ಕತ್ತು ತಿರುಗಿಸಿತು.

"ನೋಡಮ್ಮಾ, ಲೈಬ್ರರೀಲಿ ಮೂರು ದಿನ ಕೂತು ನಿನ್ ಪುಸ್ತಕ ಓದ್ದೆ. ಬಲು ಚೆನ್ನಾಗಿ ಬರ್ದಿದ್ದೀಯ. ಆದ್ರೆ ಆ ಅಧಿಕಾರಿಗಳ್ನೆಲ್ಲ ಬಾಯಿಲ್ಲದೋರು ಅಂದ್ಬಿಟ್ಯಲ್ಲ, ನಂಗೆ ತಡ್ಕೊಳಕ್ಕಾಗ್ಲಿಲ್ಲ. ಜಗಳ ಹತ್ತಿಕೊಳ್ತು ಅಂದ್ರೆ ಅಧ್ಯಕ್ಷರು, 'ಪೆನ್ ಕೆಳಗಿಡು ಲೆಂಪಿ, ಕಾಫಿ' ಅನ್ನೋರು. ಮಂತ್ರಿ ಮುಂದೆ ಮೇಜು ಗುದ್ದಿದ್ದೆಲ್ಲ ಕಾಫಿ ಹೊತ್ತಲ್ಲೇ. ನಾನು 'ಹದಿನೈದು ನಿಮಿಷ ವಿರಾಮ' ಅಂತ ಬರ್ದು ಕೈಕಟ್ಟಿ ಕೂತ್ಕೋತಿದ್ದೆ."

ಆ ವಿರಾಮದ ಸಾಲುಗಳನ್ನು ಜೊಳ್ಳೆಂದು ತೂರಿಬಿಟ್ಟಿದ್ದವಳು ಸಾಯ್ಮಿಯೇ. ಕಾಫಿ ಕುಡಿಯುವುದನ್ನು ಯಾರು ತಾನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಅದೂ ಹೊತ್ತುಹೊತ್ತಿಗೂ ಕಾಫಿ ಕುಡಿಯುವ ಅವಳ ದೇಶದಲ್ಲಿ! 'ದಾಖಲೆಯಿಲ್ಲದ್ದು ಪುರಾವೆಯಲ್ಲ' ಎಂದು ಒಂದು ಮಾತು ಬಿಸಾಡಿದ್ದರೆ ಮುದುಕಿ ಕೂತುಬಿಡುತ್ತಿದ್ದಳು, ಪದವಿಯೂ ಕೈಗೆ ಬರುತ್ತಿತ್ತು. ಹಾಪಸಾರಿಯವರ ಕಣ್ಣು ಅದನ್ನೇ ಅನ್ನು ಎನ್ನುತ್ತಿತ್ತು.

"ನೀವು ಹೇಳೋದು ಸರಿ" ಎಂದಳು ಸಾಯ್ಮಿ. "ನಂದೇ ತಪ್ಪು."

ಹಾಪಸಾರಿ ಕಣ್ಣು ಮುಚ್ಚಿಕೊಂಡರು.

ಸೋಲ್ವೈಗ್ ಸಾಯ್ಮಿಯತ್ತ ಬಾಗಿದರು. "ಎಷ್ಟು ವಿರಾಮ ಇದ್ವು, ನೆನಪಿದ್ಯಾ?"

"ಅರವತ್ತೊಂದು. ನಾನೇ ಅಳಿಸಿದ್ದು, ಹೆಂಗೆ ಮರೀಲಿ?" ಎಂದಳು ಸಾಯ್ಮಿ. " ಇನ್ನೊಂದು ವಿಷ್ಯ ಮೇಡಂ. ಒಪ್ಪಂದದ ಕರಡು ನಲವತ್ತು ಕಡೆ ಇದ್ದಕ್ಕಿದ್ದಂಗೆ ಬದಲಾಗಿದೆ. ಯಾಕೆ ಅಂತ ಗೊತ್ತಾಗ್ದೆ ಅಡಿಟಿಪ್ಪಣೀಲಿ 'ಕಾರಣ ತಿಳಿಯದು' ಅಂತ ಬರ್ದಿದ್ದೆ. ಈಗ ಹೊಳೀತಿದೆ, ಅಷ್ಟೂ ಕಾಫಿ ಆದ್ಮೇಲಿಂದು. ಮಂತ್ರಿ ಸೋತಿದ್ದಾರೆ. ನಲವತ್ತು ಸಲ."

ಅಬ್ಬಾ, ಎಂಥ ಎದೆಗಾರಿಕೆ! ತನ್ನ ಮನೆಯ ತೊಲೆಯನ್ನು ತಾನೇ ಕೀಳುತ್ತ ಆ ಹುಡುಗಿಯ ಮುಖ ಬೆಳಗುತ್ತಿತ್ತು. ಲೆಂಪಿ ನಿಂತೇ ಇದ್ದಳು, ಕೂರುವುದನ್ನೇ ಮರೆತಿದ್ದಳು.

ಸೋಲ್ವೈಗ್ ಎದ್ದು ತಮ್ಮ ಅಭಿಪ್ರಾಯ ಹೇಳಿದರು: "ನಾಲ್ಕನೇ ಅಧ್ಯಾಯ ತಪ್ಪು. ಆದ್ರೆ ಅದು ಹೇಗೆ ತಪ್ಪು ಅಂತ ನನಗಿಂತ ಚೆನ್ನಾಗಿ ತೋರ್ಸಿದ್ದು ಈಕೆ. ಬರೋ ದಾರೀಲಿ ನಾನೂ ನಾಲ್ಕು ಕಪ್ ಕಾಫಿ ಕುಡ್ದೆ, ನಂಗೆ ಹೊಳೀಲಿಲ್ಲ. ಪದವಿ ಕೊಡಿ ಅಂತ ಶಿಫಾರಸು ಮಾಡ್ತೀನಿ."

ಸಂಜೆ ಔತಣದಲ್ಲಿ ಲೆಂಪಿಯನ್ನು ಸಾಯ್ಮಿಯ ಪಕ್ಕದಲ್ಲೇ ಕೂರಿಸಿದರು. ಪುಕ್ಕಟೆ ಊಟಕ್ಕಾಗಿ ಎದ್ದು ನಿಂತಿರಾ ಎಂದು ಹಾಪಸಾರಿ ಕೆಣಕಿದರೆ, "ಮೀನು ಉಪ್ಪಾಗಿದೆ, ಗೊತ್ತಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ" ಎಂದಳು. ಎಲ್ಲರೂ ನಕ್ಕರು. ಅಷ್ಟರಲ್ಲಿ ಕಾಫಿ ಬಂತು.

"ಮೊಟ್ಟಮೊದಲು ಎದುರು ಮಾತಾಡಿದ್ದು ಯಾರಜ್ಜಿ?" ಎಂದು ಸಾಯ್ಮಿ ಮೆಲ್ಲಗೆ ಕೇಳಿದಳು.

ಲೆಂಪಿ ಕೈಚೀಲದಿಂದ ಪೆನ್ನು ತೆಗೆದು ಅವಳ ಕೈಗಿಟ್ಟಳು. "ಬರ್ಕೋ ಮಗಳೇ. ವೈನೋ ಸಲ್ಮೆಲ. 'ಸಣ್ಣ ದೋಣಿಯೋರು ಏನು ತಿನ್ಬೇಕು' ಅಂತ ಮಂತ್ರೀನ ಕೇಳಿದ್ರು. ಸಲ್ಮೆಲ ತೀರ್ಕೊಂಡು ಹನ್ನೊಂದು ವರ್ಷ ಆಯ್ತು. ಆ ಮಾತು ಎಲ್ಲೂ ಇಲ್ಲ, ನಾನೇ ಬರೀಲಿಲ್ಲ."

ಸಾಯ್ಮಿ ಕೈಗೆ ಸಿಕ್ಕ ಊಟದ ಪಟ್ಟಿಯ ಬೆನ್ನ ಮೇಲೆ ಬರೆದಳು.

"ಈಗ ಓದಿ ಹೇಳು" ಎಂದಳು ಲೆಂಪಿ. "ಓದಿ ಹೇಳ್ದೆ ಸಹಿ ಹಾಕೋ ಅಭ್ಯಾಸ ನಂಗಿಲ್ಲ."

ಸಾಯ್ಮಿ ಗಟ್ಟಿಯಾಗಿ ಓದಿದಳು. ಇಡೀ ಮೇಜು ಕಪ್ಪು ಕೆಳಗಿಟ್ಟು ಕೇಳಿತು. ಲೆಂಪಿ ಪೆನ್ನು ವಾಪಸು ಇಸಿದುಕೊಂಡು, ಕೆಳಗೆ ಸಹಿ ಹಾಕಿದಳು.