ಕಿವಿಯ ಮೇಲಿನ ಗಡ್ಡ

ದಿನಾ ಬೆಳಿಗ್ಗೆ ನಾನು ಕಿವಿ ಬೋಳಿಸಿಕೊಳ್ಳುತ್ತೇನೆ. ನಗಬೇಡಿ. ಕಿವಿಯ ತೂತಿನ ಮುಂದೆ ಪುಟ್ಟದೊಂದು ಮೆದು ಮೂಳೆ ಚಾಚಿಕೊಂಡಿರುತ್ತದಲ್ಲ, ಅದರ ಮೇಲೆ ನನಗೆ ಗಡ್ಡ ಬರುತ್ತದೆ. ಎರಡೂ ಕಡೆ.

ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ನಿಂತವನು ನಾನು. ಹೋದ ವರ್ಷ ಮಾಲೀಕರು, "ಮುಂದ್ಗಡೆ ಸ್ವಲ್ಪ ಲವಲವಿಕೆಯ ಮುಖ ಇದ್ರೆ ಚೆನ್ನಾಗಿರುತ್ತೆ," ಎಂದರು. ಜೋತುಬಿದ್ದ ನನ್ನ ಕೆನ್ನೆಯನ್ನೇ ನೋಡುತ್ತಾ ಅಂದರು. ಆ ಕೌಂಟರು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಪಿತ್ತಕೋಶದ ಕಲ್ಲು ಎಂದು ಸುಳ್ಳು ಹೇಳಿ ರಜೆ ಹಾಕಿ, ಮುಖ ಬಿಗಿ ಮಾಡಿಸಿಕೊಳ್ಳಲು ಫೇಸ್‌ಲಿಫ್ಟ್ ಮಾಡುವ ಡಾಕ್ಟರ ಬಳಿ ಹೋದೆ.

ಅವರು ಪೆನ್ನಿನಿಂದ ಕಿವಿಯ ಮುಂದೆ ಗೆರೆ ಎಳೆದರು. "ಗಂಡಸರಿಗೆ ಇಲ್ಲೇ ಕುಯ್ಯಬೇಕು. ಕಿವಿಗೂ ಗಡ್ಡಕ್ಕೂ ನಡುವೆ ಬೋಳು ಜಾಗ ಉಳೀಬೇಕು. ಸಣ್ಣದೊಂದು ಕಲೆ ಕಾಣುತ್ತೆ, ವರ್ಷದಲ್ಲಿ ಮಾಸುತ್ತೆ."

"ಕಾಣಬಾರ್ದು ಅಂತಾನೇ ಅಲ್ವಾ ನಾನು ಬಂದಿರೋದು? ನನ್ನ ನಾದಿನಿಗೆ ಈ ಮೂಳೆ ಹಿಂದೆ ಕುಯ್ದಿದ್ರು, ಗೆರೆ ಹುಡುಕಿದ್ರೂ ಸಿಗಲ್ಲ."

"ನಿಮ್ಮ ನಾದಿನಿಗೆ ಗಡ್ಡ ಇಲ್ಲ. ಹಿಂದೆ ಕುಯ್ದು ಎಳೆದ್ರೆ ಗಡ್ಡದ ಚರ್ಮ ಕಿವಿ ಮೇಲೇ ಬಂದು ಕೂರುತ್ತೆ."

"ಬೋಳಿಸ್ಕೊಂಡ್ರಾಯ್ತು ಬಿಡಿ," ಎಂದು ಹಟ ಹಿಡಿದು ಸಹಿ ಹಾಕಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕಲೆ ಎಲ್ಲೂ ಇಲ್ಲ, ನಿಜ. ಆದರೆ ರೇಜರು ಆ ಸಂದಿಗೆ ಹೋಗುವುದಿಲ್ಲ. ಹೋದ ದಿನ ರಕ್ತ. "ಒಂದು ಕಲೆ ಬೇಡ ಅಂತ ಹೋಗಿ ದಿನಾ ಹೊಸ ಗಾಯ ಮಾಡ್ಕೋತೀರಲ್ಲ," ಎಂದು ಹೆಂಡತಿ ಹತ್ತಿ ಒತ್ತುತ್ತಾಳೆ. ಕೋಣೆಯ ಕೀಲಿ ತೆಗೆದುಕೊಳ್ಳುವಾಗ ಅತಿಥಿಗಳು ನನ್ನ ಮುಖ ನೋಡುವುದಿಲ್ಲ, ಕಿವಿ ನೋಡುತ್ತಾರೆ. ಮೈಯೆಲ್ಲ ಉರಿದುಹೋಗುತ್ತದೆ. ಮೊನ್ನೆ ಎರಡೂ ಕಿವಿಗೆ ಪ್ಲಾಸ್ಟರ್ ಅಂಟಿಸಿಕೊಂಡು ನಿಂತಿದ್ದಾಗ ಮಾಲೀಕರು ಒಳಗೆ ಕರೆದರು. "ಅದೇನು ಅಂತ ವಾಸಿ ಮಾಡ್ಕೊಳ್ಳಿ. ಈ ತಿಂಗಳಲ್ಲಿ ಆಗ್ಲಿಲ್ಲ ಅಂದ್ರೆ ಕೌಂಟರಿಗೆ ಬೇರೆಯೋರನ್ನ ನೋಡ್ತೀನಿ."

ಲೇಸರಿನಲ್ಲಿ ಸುಟ್ಟರೆ ಕೂದಲು ಮತ್ತೆ ಬರುವುದಿಲ್ಲವೆಂದು ಎಲ್ಲೋ ಓದಿದ್ದೆ. ಡಾಕ್ಟರ ಬಳಿಗೇ ಓಡಿದೆ. ಅವರು ನನ್ನ ಕಿವಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಲೇಸರಿಗೆ ಕಪ್ಪು ಕೂದಲೇ ಬೇಕು. ನಿಮ್ಮದು ಪೂರ್ತಿ ಬೆಳ್ಳಗಾಗಿದೆ. ಒಂದೊಂದಕ್ಕೇ ಸೂಜಿ ಚುಚ್ಚಿ ತೆಗೀಬೇಕು, ವರ್ಷದ ಮೇಲೇ ಹಿಡಿಯುತ್ತೆ. ಇನ್ನೊಂದು ಹತ್ತು ವರ್ಷ ಚಿಕ್ಕವರಾಗಿದ್ದಿದ್ರೆ ಸಲೀಸಾಗಿ ಆಗ್ತಿತ್ತು."

"ಹತ್ತು ವರ್ಷ ಚಿಕ್ಕವನಾಗಿದ್ದಿದ್ರೆ ನಿಮ್ಮ ಹತ್ರ ನಾನ್ಯಾಕೆ ಬರ್ತಿದ್ದೆ ಡಾಕ್ಟ್ರೇ?" ಎಂದು ಕೂಗಿಬಿಟ್ಟೆ.