ಹೊತ್ತು ಮುಳುಗಿದ ಮೇಲಿನ ನೀರು

“ಹೊತ್ತು ಮುಳುಗಿತೇನ್ರಿ, ಅತ್ಯಾರ?” ಜಿನಮತಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಇಲ್ಲವ್ವಾ, ಇನ್ನೂ ಬಿಸಲೈತಿ. ಕುಡಿ,” ಎಂದು ಅಕ್ಕಾತಾಯಿ ಸೊಸೆಯ ತುಟಿಗೆ ನೀರಿನ ಬಟ್ಟಲು ಹಿಡಿದಳು. ಸುಳ್ಳಾಡಿ ಗೊತ್ತಿಲ್ಲದ ಹೆಂಗಸು; ಆಡಿದ್ದು ಇದೊಂದೇ, ಅದೂ ದಕ್ಕಲಿಲ್ಲ. ಸೂಲಗಿತ್ತಿ ಕಾಡವ್ವ ಆಗಲೇ ಮೂಲೆಯಲ್ಲಿ ಕಂದೀಲು ಹಚ್ಚಿಬಿಟ್ಟಿದ್ದಳು. ಜಿನಮತಿ ಕಣ್ಣು ತೆರೆದು ಅದನ್ನು ನೋಡಿದಳು, ಬಾಯಿ ಬಿಗಿದುಕೊಂಡಳು.

ಮಧ್ಯಾಹ್ನ ಗಂಡು ಕೂಸು ಹುಟ್ಟಿತ್ತು. ಆಗಿನಿಂದ ರಕ್ತ ನಿಂತಿರಲಿಲ್ಲ. ಗಂಡ ಬಾಹುಬಲಿ ಡಾಕ್ಟರಬಾಯಿಯನ್ನು ಕರೆತರಲು ಬೆಳಗಾವಿಗೆ ಹೋಗಿದ್ದ. ಅಲ್ಲಿಂದ ಊರಿಗೆ, ಖಾನಾಪುರಕ್ಕೆ, ರೈಲು ಬರುವುದು ಇನ್ನು ಬೆಳಿಗ್ಗೆಯೇ. ಅಲ್ಲಿಯವರೆಗೆ ನೀರು ಕುಡಿಸುತ್ತಿರಬೇಕೆಂದು ಕಾಡವ್ವ ಹೇಳಿದ್ದಳು. ಸಂಜೆಯ ತನಕ ಕುಡಿದದ್ದೆಲ್ಲ ವಾಂತಿಯಾಗುತ್ತಿತ್ತು. ಈಗ ವಾಂತಿ ನಿಂತಿತ್ತು, ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಕುಡಿಯಬಾರದೆಂಬುದು ಜೈನರ ವ್ರತ.

“ಬ್ಯಾನಿಯಾಗ ವ್ರತಕ್ಕ ಮಾಫಿ ಐತಿ, ಮಗಳ. ಮುನಿಗಳ ಹೇಳ್ಯಾರ.”

“ನೀವ ಅಂದಿದ್ರಲ್ರಿ,” ಎಂದಳು ಜಿನಮತಿ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ರಾತ್ರಿ ನೀರು ಕುಡದ ಎರಡು ಕೂಸು ಕಳಕೊಂಡಿ ಅಂತ. ಇದೊಂದರ ಉಳೀಲಿ.”

ಅಂದಿದ್ದಳು, ಹೌದು. ಮೊದಲನೆಯದು ಹೋದದ್ದು ಊರಿಗೆ ಊರೇ ಜ್ವರದಲ್ಲಿ ಮಲಗಿದ್ದ ವರ್ಷ. ಎರಡನೆಯದನ್ನು ಮಣ್ಣು ಮಾಡಿ ಬಂದ ದಿನ, ಹೊಟ್ಟೆಯ ಉರಿಗೆ, ಆ ಮಾತು ಬಾಯಿಂದ ಜಾರಿತ್ತು. ಆಡಿದವಳು ಮರುದಿನವೇ ಮರೆತಳು. ಕೇಳಿದವಳು ಅಂದಿನಿಂದ ಕತ್ತಲಾದ ಮೇಲೆ ಹನಿ ನೀರು ಮುಟ್ಟಿರಲಿಲ್ಲ, ಬಸುರಿಯಾಗಿದ್ದ ಈ ಒಂಬತ್ತು ತಿಂಗಳೂ ಕೂಡ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ಇದು ಹೋಗಿರಲಿಲ್ಲ.

ಅಕ್ಕಾತಾಯಿ ಬಟ್ಟಲನ್ನು ತನ್ನ ಬಾಯಿಗೇ ಎತ್ತಿದಳು. ನಲವತ್ತು ವರ್ಷ ಕಾಯ್ದ ವ್ರತ. ಗಟಗಟ ಕುಡಿದಳು.

“ನೋಡು, ನಾ ಕುಡದೆ. ಪಾಪ ಇದ್ರ ನನಗ ಹತ್ತಲಿ, ಕೂಸಿಗಲ್ಲ. ಕುಡಿಯವ್ವಾ, ನಿನ್ನ ಕಾಲ ಬೀಳ್ತೇನಿ.”

ಜಿನಮತಿ ಅತ್ತೆಯ ಒದ್ದೆ ತುಟಿಯನ್ನೇ ನೋಡಿದಳು. ಅಯ್ಯೋ ಪಾಪ ಎನ್ನುವ ಹಾಗಿತ್ತು ಆ ನೋಟ. “ಮುಂಜಾನಿ ಕುಡೀತೇನ್ರಿ,” ಎಂದಳು.

ಬೆಳಗಿನ ರೈಲಿಗೆ ಡಾಕ್ಟರಬಾಯಿ ಬಂದಾಗ, ಕಾಡವ್ವ ಮತ್ತೆ ತುಂಬಿಸಿಟ್ಟಿದ್ದ ಬಟ್ಟಲು ಜಿನಮತಿಯ ತಲೆದೆಸೆಯಲ್ಲಿ ತುಂಬಿದ ಹಾಗೇ ಇತ್ತು. ಮಾಡಲು ಅವರಿಗೆ ಏನೂ ಉಳಿದಿರಲಿಲ್ಲ.

ಕೂಸು ಉಳಿಯಿತು. ಬಸದಿಯ ಓಣಿಯಲ್ಲಿ ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಮುಗಿಯುತ್ತಿತ್ತು, ಬಾಗಿಲುಗಳು ಮುಚ್ಚುತ್ತಿದ್ದವು. ಅಕ್ಕಾತಾಯಿ ಮಾತ್ರ ಕತ್ತಲಾದ ಮೇಲೆ ಬಾಗಿಲು ತೆರೆದಿಟ್ಟು, ಕಂದೀಲು ಹಚ್ಚಿ, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲ ಬಳಿ ಕೂರುತ್ತಿದ್ದಳು. ಓಣಿಯಲ್ಲಿ ಹೋಗಿಬರುವವರು ನೋಡುತ್ತಿದ್ದಂತೆ ಅದೇ ಬಟ್ಟಲಿನಲ್ಲಿ ನೀರು ಕುಡಿಯುತ್ತಿದ್ದಳು.